ಲಿಫ್ಟ್ ಮೇಸ್ತ್ರಿಯ ಹಳೇ ಕೇಸು

ಲಿಫ್ಟ್ ಮೇಸ್ತ್ರಿ ಒಂದು ಕಾಲದಲ್ಲಿ ಒಳ್ಳೆಯ ಮಾತುಗಾರ. ರಿಪೇರಿಗೆ ಹೋದ ಕಟ್ಟಡದಲ್ಲಿ ಯಾರಾದರೂ "ಹೇಗಿದೆ ಮೇಸ್ತ್ರಿ ಜೀವನ?" ಎಂದು ಕೇಳಿದರೆ, "ನಮ್ಮ ಕಸುಬಲ್ಲಿ ಏಳುಬೀಳು ಇದ್ದದ್ದೇ ಸ್ವಾಮಿ" ಎನ್ನುತ್ತಿದ್ದ. ಇದೇ ಮಾತನ್ನು ಮನೆಯಲ್ಲೂ ಹೇಳುತ್ತಿದ್ದ. ಅವನ ಹೆಂಡತಿ, "ಹಾಡಿದ್ದೇ ಹಾಡೋ ಕಿಸಬಾಯಿದಾಸ" ಎಂದು ಗೊಣಗಿ, ಆಮೇಲೆ ತಾನೇ ನಕ್ಕುಬಿಡುತ್ತಿದ್ದಳು.

ಅವರಿದ್ದದ್ದು ನಾಲ್ಕು ಮಹಡಿಯ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ಲಿಫ್ಟ್ ಮೇಸ್ತ್ರಿಯ ಮನೆಗೇ ಲಿಫ್ಟಿಲ್ಲ ಎಂದು ನೆರೆಯವರು ತಮಾಷೆ ಮಾಡುತ್ತಿದ್ದರು. ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದ ಅಡುಗೆಮನೆ, ಬಟ್ಟೆ ಒಣಗಿಸಲು ಕಿಟಕಿಯಾಚೆ ಎರಡು ತಂತಿ. ಪಕ್ಕದ ಬೀದಿಯಲ್ಲಿ ಅತ್ತೆಯ ಟೈಲರಿಂಗ್ ಅಂಗಡಿ. ಅತ್ತೆ ಗಂಡನನ್ನು ಕಳೆದುಕೊಂಡು, ಹೊಲಿಗೆ ಮಿಷನ್ ತುಳಿದು ತುಳಿದು ಒಬ್ಬಳೇ ಮಗಳನ್ನು ಸಾಕಿದವಳು. ಅಳಿಯನ ಮೇಲೆ ಆಕೆಗೆ ಅಂಥ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. "ಕುಡಿಯಲ್ಲ, ಹೊಡೆಯಲ್ಲ, ಇನ್ನೇನು ಬೇಕು" ಎನ್ನುತ್ತಿದ್ದಳು. ಮೂರು ವರ್ಷದ ಮೊಮ್ಮಗಳೆಂದರೆ ಮಾತ್ರ ಪ್ರಾಣ. ಕತ್ತರಿಸಿ ಉಳಿದ ಬಟ್ಟೆಯಲ್ಲೆಲ್ಲ ಆ ಮಗುವಿಗೆ ಫ್ರಾಕು.

ಮೇಲಿನ ಮನೆಯಲ್ಲಿ ನೀರು ಸರಬರಾಜು ಕಚೇರಿಯ ಗುಮಾಸ್ತನೊಬ್ಬ ಹೆಂಡತಿ, ಮಗನ ಜೊತೆ ಇದ್ದ. ಇಡೀ ಕಟ್ಟಡಕ್ಕೆ ಅವನು ಗುಮಾಸ್ತಣ್ಣ. ಮೆಟ್ಟಿಲ ಬಳಿ ಬಲ್ಬು ಹೋದರೆ ಬದಲಿಸುವವನು ಅವನೇ, ಯಾರಿಗಾದರೂ ಜ್ವರ ಬಂದರೆ ಡಾಕ್ಟರನ್ನು ಕರೆತರುವವನೂ ಅವನೇ. ಕರೆಯದೆ ಬರುತ್ತಿದ್ದ, ಹೇಳದೆ ಮಾಡುತ್ತಿದ್ದ. ಇಂಥವರನ್ನು ಯಾರು ತಾನೇ ಬೇಡ ಎನ್ನುತ್ತಾರೆ?

ಅದೊಂದು ರಜಾದಿನ. ಬಟ್ಟೆ ಅಂಗಡಿಯೊಂದರ ಲಿಫ್ಟಿಗೆ ತಂತಿ ಹಗ್ಗ ಬದಲಿಸಬೇಕಿತ್ತು. ಅಂಗಡಿ ಮುಚ್ಚಿದ ದಿನವೇ ಆ ಕೆಲಸ ಆಗಬೇಕು. ಮೇಸ್ತ್ರಿ ಬೆಳಗ್ಗೆ ಚೀಲ ಹೆಗಲಿಗೇರಿಸುವಾಗ ಹೆಂಡತಿ ಮತ್ತೆ ಮನೆ ಬದಲಿಸುವ ಮಾತು ತೆಗೆದಳು. ಆ ತಿಂಗಳಲ್ಲಿ ಎಷ್ಟನೆಯ ಸಲವೋ.

"ಈ ಮನೆಗೆ ಏನಾಗಿದೆ ಈಗ? ನಿಮ್ಮಮ್ಮನ ಮನೆ ಕೂಗಳತೇಲಿದೆ, ನೀರು ಚೆನ್ನಾಗಿ ಬರುತ್ತೆ."

"ನಂಗೆ ಇಲ್ಲಿ ಬೇಡ. ಅಷ್ಟೆ."

"ಅದೇ ಯಾಕೆ ಅಂತ?"

"ಹೇಳಿದ್ರೆ ನೀವು ಇನ್ನೊಂದು ರಾಮಾಯಣ ಮಾಡ್ತೀರಿ. ಬೇರೆ ಮನೆ ನೋಡಿ ಅಂದೆ, ನೋಡಿ."

ದನಿ ಏರಿತು. ಮಗು ಅತ್ತಿತು. ಮೇಸ್ತ್ರಿ ಬಾಗಿಲು ದಢಾರನೆ ಎಳೆದುಕೊಂಡು ಮೆಟ್ಟಿಲಿಳಿದ. ಇಡೀ ಕಟ್ಟಡ ಅದನ್ನು ಕೇಳಿಸಿಕೊಂಡಿತು.

ಮಧ್ಯಾಹ್ನ ಅತ್ತೆ ಹೊಸ ಫ್ರಾಕು ಹಿಡಿದು ಬಂದಾಗ ಬಾಗಿಲು ಬರೀ ಮುಂದೆ ಮಾಡಿತ್ತು. ಒಳಕೋಣೆಯಲ್ಲಿ ಮಗು ಅಳುತ್ತಿತ್ತು. ಮಗಳು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಕುತ್ತಿಗೆಯ ಮೇಲೆ ಬೆರಳಿನ ಗುರುತು. ತೊಟ್ಟ ಸ್ವೆಟರಿನ ಒಂದು ತೋಳು ಹರಿದಿತ್ತು. ಅತ್ತೆಯ ಕೂಗಿಗೆ ಮೊದಲು ಓಡಿಬಂದದ್ದು ಗುಮಾಸ್ತಣ್ಣ. ಆಕೆಯನ್ನು ಹಿಡಿದು ಕೂರಿಸಿ ಮಗುವನ್ನು ತನ್ನ ಹೆಂಡತಿಯ ಕೈಗೆ ಕೊಟ್ಟ. ಆಮೇಲೆ ಪೊಲೀಸ್ ಠಾಣೆಗೆ ಓಡಿಹೋದವನೂ ಅವನೇ.

ಠಾಣೆಯಲ್ಲಿ ಅವನು ಹೇಳಿದ್ದು ಎರಡೇ ಮಾತು. ಬೆಳಗ್ಗೆ ಗಂಡಹೆಂಡಿರ ಜಗಳವಾಯಿತು. ಮಧ್ಯಾಹ್ನ ಗಂಡ ತಿರುಗಿ ಬಂದಿದ್ದ, ಗಡಿಬಿಡಿಯಲ್ಲಿ ಮೆಟ್ಟಿಲಿಳಿದು ಹೋದದ್ದನ್ನು ಕಣ್ಣಾರೆ ಕಂಡೆ. ಮೊದಲನೆಯ ಮಾತಿಗೆ ಕಟ್ಟಡದವರೆಲ್ಲ ಸಾಕ್ಷಿ. ಹಾಗಾಗಿ ಎರಡನೆಯದನ್ನು ಯಾರೂ ಪ್ರಶ್ನಿಸಲಿಲ್ಲ.

ಆಗಿನ ಇನ್ಸ್‌ಪೆಕ್ಟರನ್ನು ಊರವರು ಮೀಸೆ ಸಾಹೇಬರು ಎನ್ನುತ್ತಿದ್ದರು. ಕೆಟ್ಟ ಮನುಷ್ಯನೇನಲ್ಲ, ಆದರೆ ಕೇಸು ಬೇಗ ಮುಗಿಯಬೇಕು ಎನ್ನುವವನು. ಮೇಸ್ತ್ರಿ ಮಧ್ಯಾಹ್ನ ಎಲ್ಲಿದ್ದ ಎಂಬುದಕ್ಕೆ ಸಾಕ್ಷಿಯೇ ಇರಲಿಲ್ಲ. ಬಟ್ಟೆ ಅಂಗಡಿಯ ಕಾವಲುಗಾರ ಅವನನ್ನು ಒಳಗೆ ಬಿಟ್ಟು ಊಟಕ್ಕೆಂದು ಮನೆಗೆ ಹೋಗಿ, ಅಲ್ಲೇ ನಿದ್ದೆ ಹೋಗಿದ್ದ. ಕೆಲಸ ಹೋಗುವ ಭಯಕ್ಕೆ ಅದನ್ನೂ ಒಪ್ಪಲಿಲ್ಲ. "ನಾನು ಅಂಗಡೀಲೇ ಇದ್ದೆ, ಇವನು ಯಾವಾಗ ಹೋದ ಯಾವಾಗ ಬಂದ ನೋಡಿಲ್ಲ" ಎಂದುಬಿಟ್ಟ. ಮೇಸ್ತ್ರಿಯನ್ನು ಠಾಣೆಯ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದರು. ಹೆಂಡತಿಯ ಅಂತ್ಯಕ್ರಿಯೆಗೂ ಬಿಡಲಿಲ್ಲ. "ಒಪ್ಕೊಂಡ್ಬಿಡೋ, ಸುಮ್ನೆ ಯಾಕೆ ನಮ್ಮ ಕೈಗೂ ನೋವು, ನಿನ್ನ ಮೈಗೂ ನೋವು" ಎಂದು ಮೀಸೆ ಸಾಹೇಬರು ಬುದ್ಧಿ ಹೇಳಿದರು. ಅವನು ಒಪ್ಪಲಿಲ್ಲ. ಬಲಗೈಯ ಎರಡು ಬೆರಳು ಆಮೇಲೆ ಸರಿಯಾಗಿ ಮಡಚಲೇ ಇಲ್ಲ.

ಕೊನೆಗೆ ಕೋರ್ಟಿಗೆ ಕೊಡಲು ಏನೂ ಸಿಗದೆ ಬಿಟ್ಟುಕಳಿಸಿದರು. ಕೆಲವು ವರ್ಷಗಳ ನಂತರ ಆರೋಪಿ ಪತ್ತೆಯಾಗಿಲ್ಲ ಎಂದು ಷರಾ ಬರೆದು ಕಡತ ಕಟ್ಟಿಟ್ಟರು. ಆದರೆ ಪತ್ತೆಯಾಗದೆ ಉಳಿದದ್ದು ಪೊಲೀಸರಿಗೆ ಮಾತ್ರ. ಊರಿನ ಪಾಲಿಗೆ ಆರೋಪಿ ಪತ್ತೆಯಾಗಿ, ತೀರ್ಪೂ ಆಗಿಹೋಗಿತ್ತು. ಪತ್ರಿಕೆಯ ಮುಖಪುಟದಲ್ಲಿ ಅವನ ಫೋಟೋ ಬಂದಿತ್ತು. "ಬೆಂಕಿ ಇಲ್ದೆ ಹೊಗೆ ಆಡುತ್ತಾ" ಎಂದು ಜನ ಮಾತಾಡಿಕೊಂಡರು. ಕಂಪನಿಯವರು ಬೆರಳಿನ ನೆಪ ಹೇಳಿ ಕೆಲಸದಿಂದ ತೆಗೆದರು.

ಮಗು ಅಜ್ಜಿಯ ಹತ್ತಿರ ಉಳಿಯಿತು. ಮೇಸ್ತ್ರಿ ಹೋದಾಗಲೆಲ್ಲ ಅತ್ತೆ ಅಂಗಡಿಯ ಬಾಗಿಲು ಹಾಕಿಕೊಂಡಳು. ಒಮ್ಮೆ ಮಾತ್ರ ಬಾಗಿಲ ಸಂದಿಯಿಂದ, "ನನ್ನ ಮಗಳ್ನ ನುಂಗಿದ್ದಾಯ್ತು. ಇದನ್ನೂ ನುಂಗೋಕೆ ಬಂದ್ಯಾ?" ಎಂದಳು. ಆಮೇಲೆ ಅವನು ಬಾಗಿಲಿಗೆ ಹೋಗುವುದನ್ನು ಬಿಟ್ಟು, ಶಾಲೆ ಬಿಡುವ ಹೊತ್ತಿಗೆ ಎದುರು ಬದಿಯಲ್ಲಿ ನಿಂತು ನೋಡುತ್ತಿದ್ದ. ಹಾಗೆ ಕೆಲವು ದಿನ ನಡೆಯಿತು. ಒಂದು ಸಂಜೆ ಗುಮಾಸ್ತಣ್ಣ ರಸ್ತೆ ದಾಟಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಎಳ್ಳಷ್ಟೂ ಸಿಟ್ಟಿಲ್ಲದ ದನಿಯಲ್ಲಿ, "ಬರಬೇಡಪ್ಪ. ಮಗು ಹೆದರುತ್ತೆ" ಎಂದ. ಮೇಸ್ತ್ರಿ ಮತ್ತೆ ಹೋಗಲಿಲ್ಲ.

ಗುಮಾಸ್ತಣ್ಣನೇ ಆ ಮಗುವನ್ನು ಶಾಲೆಗೆ ಬಿಟ್ಟ, ಕರೆತಂದ, ಲೆಕ್ಕ ಹೇಳಿಕೊಟ್ಟ. ಅತ್ತೆ ಅವನನ್ನು ಬಾಯ್ತುಂಬ ಅಣ್ಣ ಎಂದಳು. ಅವನ ಮಗ ಈ ಹುಡುಗಿಯನ್ನು ಸ್ವಂತ ತಂಗಿಯ ಹಾಗೆ ನೋಡಿಕೊಂಡ. ಗುಮಾಸ್ತಣ್ಣ ಹೊಟ್ಟೆಯಲ್ಲಿ ಗಡ್ಡೆಯಾಗಿ ತೀರಿಕೊಂಡಾಗ ಅತ್ತೆ ಒಡಹುಟ್ಟಿದವನನ್ನೇ ಕಳೆದುಕೊಂಡಂತೆ ಅತ್ತಳು. ಅವನ ಫೋಟೋವನ್ನು ಮಗಳ ಫೋಟೋದ ಪಕ್ಕದಲ್ಲೇ ತೂಗುಹಾಕಿದಳು.

ಹೀಗೆ ಸುಮಾರು ಇಪ್ಪತ್ತು ವರ್ಷ. ಮೇಸ್ತ್ರಿ ಊರಿನ ಇನ್ನೊಂದು ತುದಿಯಲ್ಲಿ, ಗ್ಯಾರೇಜಿನ ಹಿಂದಿನ ಒಂದು ಕೋಣೆಯಲ್ಲಿದ್ದ. ಬೇರೆ ಕಂಟ್ರಾಕ್ಟರುಗಳ ಕೈಕೆಳಗೆ ಲಿಫ್ಟಿಗೆ ಗ್ರೀಸು ಹಾಕುವುದು, ಅದರ ಬುಡದ ಗುಂಡಿಯ ಕಸ ತೆಗೆಯುವುದು, ಬಾಗಿಲ ಹಳಿ ಒರೆಸುವುದು. ಕೆಲಸಕ್ಕೆ ಹೋದ ಕಡೆ ಮೆಟ್ಟಿಲಲ್ಲಿ ಹೆಂಗಸರು ಎದುರಾದರೆ ಗೋಡೆಯ ಕಡೆ ತಿರುಗಿ ನಿಲ್ಲುವುದು ಅಭ್ಯಾಸವಾಗಿತ್ತು. ಏಳುಬೀಳಿನ ಜೋಕು ಯಾವಾಗಲೋ ಬಾಯಿಂದ ಹೋಗಿತ್ತು.

ಅಷ್ಟರಲ್ಲಿ ಪೊಲೀಸ್ ಇಲಾಖೆಯಲ್ಲಿ ಹಳೆಯ ಕೇಸುಗಳಿಗೆಂದೇ ಒಂದು ವಿಭಾಗ ತೆರೆದರು. ಟ್ರಾಫಿಕ್ ಠಾಣೆಯ ಹಿಂದೆ ಎರಡು ಕೋಣೆ, ಒಂದು ಫ್ಯಾನು, ಬಾಗಿಲು ಸರಿಯಾಗಿ ಮುಚ್ಚದ ಕಬ್ಬಿಣದ ಬೀರುಗಳು. ಬೇರೆ ಪೊಲೀಸರು ಅದನ್ನು "ಹೆಣ ಕೆದಕೋ ಆಫೀಸು" ಎಂದು ಕರೆಯುತ್ತಿದ್ದರು. ಅಲ್ಲಿಗೆ ಹಾಕಿದ್ದು ಒಬ್ಬ ಮಹಿಳಾ ಇನ್ಸ್‌ಪೆಕ್ಟರನ್ನು. ಅದು ಬಡ್ತಿಯೋ ಶಿಕ್ಷೆಯೋ ಆಕೆಗೇ ಗೊತ್ತಿರಲಿಲ್ಲ. ಆಕೆ ಕೇಸು ಆರಿಸುವ ರೀತಿ ಸರಳವಾಗಿತ್ತು. ಸತ್ತವರ ಕಡೆಯವರು ಬಂದು ಅತ್ತರೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಹೇಳುತ್ತಿದ್ದಳು: "ಕಣ್ಣೀರು ನೋಡಿ ಕೇಸು ತಗೊಂಡ್ರೆ ಎಲ್ಲಾನೂ ತಗೋಬೇಕಾಗುತ್ತೆ. ಆವತ್ತು ಸಿಕ್ಕಿದ ವಸ್ತು ಇನ್ನೂ ಉಳಿದಿದ್ಯಾ, ಅದನ್ನ ನೋಡಿ ತಗೋತೀವಿ."

ಬಹಳಷ್ಟು ಕೇಸುಗಳಲ್ಲಿ ಏನೂ ಉಳಿದಿರಲಿಲ್ಲ. ದಾಸ್ತಾನು ಕೋಣೆಗೆ ಒಂದು ಮಳೆಗಾಲ ನೀರು ನುಗ್ಗಿತ್ತು. ಇಲಿಗಳು ಬೇರೆ. ಚಾಕುಗಳ ಮೇಲಿದ್ದ ಚೀಟಿ ಉದುರಿ ಯಾವ ಚಾಕು ಯಾವ ಕೊಲೆಯದು ಎಂದು ತಿಳಿಯದಂತಾಗಿತ್ತು. ಮೇಸ್ತ್ರಿಯ ಹೆಂಡತಿಯ ಕೇಸಿನ ಪೆಟ್ಟಿಗೆ ಮೇಲಿನ ಹಲಗೆಯಲ್ಲಿದ್ದ ಒಂದೇ ಕಾರಣಕ್ಕೆ ಉಳಿದಿತ್ತು. ಸ್ವೆಟರು ಬೂಸ್ಟು ಹಿಡಿದು ಹೋಗಿತ್ತು. ಆದರೆ ಶವಪರೀಕ್ಷೆಯ ದಿನ ಡಾಕ್ಟರು ಅವಳ ಉಗುರಿನ ತುದಿ ಕತ್ತರಿಸಿ ಕಾಗದದ ಪೊಟ್ಟಣದಲ್ಲಿಟ್ಟು ಅರಗಿನ ಮುದ್ರೆ ಹಾಕಿದ್ದರು. ಮುದ್ರೆ ಹಾಗೇ ಇತ್ತು. ಅವಳು ಸಾಯುವ ಮುಂಚೆ ಕೊಂದವನನ್ನು ಪರಚಿದ್ದಳು. ಆ ಕಾಲದ ಪರೀಕ್ಷೆಗೆ ಅಷ್ಟು ಸ್ವಲ್ಪ ಚರ್ಮ ಸಾಲುತ್ತಿರಲಿಲ್ಲ, ಈಗಿನದಕ್ಕೆ ಸಾಕು.

ಮೇಸ್ತ್ರಿಗೆ ಕರೆ ಹೋಯಿತು. ಅವನು ಆ ಆಫೀಸಿಗೆ ಹೋದ. ಬಾಗಿಲಲ್ಲೇ ನಿಂತು, "ನಾನೇನೂ ಮಾಡಿಲ್ಲ ಮೇಡಂ" ಎಂದ.

"ಒಳಗೆ ಬನ್ನಿ. ಕೂತ್ಕೊಳಿ."

ಅವನು ಕುರ್ಚಿಯ ಅಂಚಿನಲ್ಲಿ ಕೂತ. ಆಕೆ ಅವನ ಕೈ ನೋಡಿದಳು.

"ಆ ಬೆರಳು?"

"ಕೆಲಸದಲ್ಲಿ ಆಯ್ತು ಮೇಡಂ."

"ಯಾರ ಕೆಲಸದಲ್ಲಿ?"

ಅವನು ಕೈಯನ್ನು ಮಡಿಲಿಗೆ ಎಳೆದುಕೊಂಡ. ಆಕೆ ಮುಂದೆ ಕೇಳಲಿಲ್ಲ. ಉಗುರಿನ ವಿಷಯವನ್ನು ಬಿಡಿಸಿ ಹೇಳಿ, ಕೆನ್ನೆಯ ಒಳಗೆ ಹತ್ತಿ ಕಡ್ಡಿ ಆಡಿಸಿ ಮಾದರಿ ತೆಗೆಯಬೇಕು, ಇಷ್ಟವಿಲ್ಲದಿದ್ದರೆ ಬೇಡ ಎನ್ನಬಹುದು ಎಂದಳು.

"ಬೇಡ ಅಂದ್ರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡ್ಕೊಂಡ ಅಂತೀರಿ" ಎಂದ ಅವನು. ಬಾಯಿ ತೆರೆದ.

ಪ್ರಯೋಗಾಲಯದಿಂದ ಉತ್ತರ ಬರಲು ಬಹಳ ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಮೇಸ್ತ್ರಿಗೆ ಒಂದು ವಿಚಿತ್ರ ಭಯ ಹತ್ತಿತ್ತು. ತಾನು ಮಾಡಿಲ್ಲ ಎಂದು ತಿಳಿದಿದ್ದರೂ, ಇಷ್ಟು ವರ್ಷ ಇಷ್ಟು ಜನ ಹೇಳಿದ್ದರಿಂದ, ಆ ಕಾಗದದಲ್ಲಿ ತನ್ನ ಹೆಸರೇ ಬಂದುಬಿಟ್ಟರೆ ಎಂದು ಅನಿಸುತ್ತಿತ್ತು. ಉತ್ತರ ಬಂತು. ಉಗುರಿನಲ್ಲಿ ಇದ್ದದ್ದು ಒಬ್ಬ ಗಂಡಸಿನ ಚರ್ಮ. ಆ ಗಂಡಸು ಇವನಲ್ಲ.

"ಹಾಗಾದ್ರೆ ಎಲ್ಲರಿಗೂ ಹೇಳ್ತೀರಾ ಮೇಡಂ?"

"ಈಗ್ಲೇ ಹೇಳಿದ್ರೆ ಮಾಡಿದೋನು ಹುಷಾರಾಗ್ತಾನೆ. ಇನ್ನು ಸ್ವಲ್ಪ ದಿನ ತಡ್ಕೊಳಿ."

ತಡೆದುಕೊಳ್ಳುವುದು ಅವನಿಗೆ ಹೊಸದಲ್ಲ.

ಮುಂದಿನದೆಲ್ಲ ಕಾಲು ಸವೆಸುವ ಕೆಲಸ. ಆ ದಿನಗಳಲ್ಲಿ ಕಟ್ಟಡದಲ್ಲಿ ವಾಸವಿದ್ದ, ಬಂದುಹೋಗುತ್ತಿದ್ದ ಗಂಡಸರನ್ನೆಲ್ಲ ಇನ್ಸ್‌ಪೆಕ್ಟರ್ ಹುಡುಕಿದಳು. ಕೆಳಮನೆಯವನು ಬೇರೆ ಊರಿಗೆ ಹೋಗಿದ್ದ. ಪೇಪರ್ ಹಾಕುತ್ತಿದ್ದವನಿಗೆ ಮರೆವಿನ ಕಾಯಿಲೆ. ಹೆಂಡತಿಯನ್ನೇ ಯಾರಮ್ಮ ನೀನು ಎನ್ನುತ್ತಿದ್ದ. ಬಟ್ಟೆ ಅಂಗಡಿಯ ಕಾವಲುಗಾರ ಸಿಕ್ಕಿದ. ಹಲ್ಲಿಲ್ಲದ ಬಾಯಲ್ಲಿ, "ನಾನು ಆವತ್ತು ಮನೇಲಿ ಮಲಗಿದ್ದೆ ತಾಯಿ. ಹೊರಗಿಂದ ಬೀಗ ಹಾಕ್ಕೊಂಡು ಹೋಗಿದ್ದೆ. ಅವನು ಬೇಕು ಅಂದ್ರೂ ಆಚೆ ಬರೋ ಹಾಗಿರಲಿಲ್ಲ" ಎಂದ. ಇಪ್ಪತ್ತು ವರ್ಷದ ಹಿಂದೆ ಈ ಮಾತು ಬಂದಿದ್ದರೆ ಬೇರೆಯೇ ಆಗುತ್ತಿತ್ತು. ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಮೀಸೆ ಸಾಹೇಬರನ್ನು ನೋಡಲು ಹೋದರೆ ಅವರು ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದರು. ಕೇಸಿನ ವಿಷಯ ಹೇಳಿದಾಗ ಕಣ್ಣು ಆಡಿಸಿದರು. ಅರ್ಥವಾಯಿತೋ ಇಲ್ಲವೋ ಯಾರಿಗೆ ಗೊತ್ತು.

ಗಂಡ ಅಂಗಡಿಯೊಳಗೆ ಬೀಗದಲ್ಲಿದ್ದ ಎಂದ ಮೇಲೆ ಅವನನ್ನು ಮೆಟ್ಟಿಲಲ್ಲಿ ಕಂಡೆ ಎಂದವನ ಮಾತು ಸುಳ್ಳಾಯಿತು. ಆದರೆ ಹೇಳಿದವನು ಸತ್ತಿದ್ದ. ಅವನ ಮಗ ಈಗ ಅದೇ ಬಡಾವಣೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ. ಇನ್ಸ್‌ಪೆಕ್ಟರ್ ಹೋಗಿ ಮಾದರಿ ಕೇಳಿದಾಗ ಅವನು ಒಂದು ಕ್ಷಣವೂ ಯೋಚಿಸಲಿಲ್ಲ.

"ತಗೊಳಿ ಮೇಡಂ. ಆಗ ನಾನು ಸ್ಕೂಲಿಗೆ ಹೋಗ್ತಿದ್ದೆ. ಆ ಅಕ್ಕ ನಂಗೆ ಶರ್ಟಿನ ಗುಂಡಿ ಹಾಕಿಕೊಡೋರು. ಅಪ್ಪ ಇದ್ದಿದ್ರೆ ಅವರೂ ಕೊಡೋರು, ಈ ಕೇಸಿಗೆ ಅಂತ ಎಷ್ಟು ಓಡಾಡಿದ್ರು."

ತಂದೆಯಿಂದ ಗಂಡುಮಗುವಿಗೆ ಬದಲಾಗದೆ ಇಳಿದುಬರುವ ಒಂದು ಗುರುತಿರುತ್ತದೆ. ಮಗನ ಮಾದರಿಯಲ್ಲಿದ್ದ ಆ ಗುರುತೇ ಉಗುರಿನಲ್ಲಿದ್ದ ಚರ್ಮದಲ್ಲೂ ಇತ್ತು. ಇಷ್ಟೇ ಸಾಲದು ಎಂದು ಇನ್ಸ್‌ಪೆಕ್ಟರ್, ಗುಮಾಸ್ತನಿಗೆ ಹೊಟ್ಟೆಯ ಆಪರೇಷನ್ ಮಾಡಿದ್ದ ಆಸ್ಪತ್ರೆಗೆ ಹೋದಳು. ಅಲ್ಲಿ ತೆಗೆದ ಗಡ್ಡೆಯ ಚೂರುಗಳನ್ನು ಮೇಣದಲ್ಲಿ ಅದ್ದಿ ವರ್ಷಾನುಗಟ್ಟಲೆ ಇಟ್ಟುಕೊಳ್ಳುವ ಪದ್ಧತಿ. ಕೋರ್ಟಿನ ಅನುಮತಿ ತಂದು ಒಂದು ಚೂರು ಪಡೆದಳು. ಅದನ್ನೂ ಪರೀಕ್ಷೆಗೆ ಕಳಿಸಿದಳು. ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ.

ಆಕೆ ಮೇಸ್ತ್ರಿಯನ್ನು ಕರೆಸಿ ಹೇಳಿದಳು. ಅವನು ಮೇಜಿನ ಮೇಲಿದ್ದ ನೀರಿನ ಲೋಟವನ್ನು ದೂರ ಸರಿಸಿದ.

"ಯಾಕೆ ಮಾಡಿದ ಮೇಡಂ?"

"ಗೊತ್ತಿಲ್ಲ. ಹೇಳೋಕೆ ಅವನಿಲ್ಲ. ನಿಮ್ಮ ಹೆಂಡತಿಗೂ ಅವನಿಗೂ ಏನಾದ್ರೂ ಮಾತುಕತೆ, ಜಗಳ, ಇಂಥದ್ದು ನಿಮಗೆ ನೆನಪಿದ್ಯಾ?"

ಇಲ್ಲ ಎನ್ನಲು ಬಾಯಿ ತೆರೆದವನು ಅರ್ಧಕ್ಕೇ ತಡೆದ. ನಂಗೆ ಇಲ್ಲಿ ಬೇಡ ಎಂದು ಅವಳು ತಿಂಗಳಿಡೀ ಹೇಳಿದ್ದು ಈಗ ಕೇಳಿಸಿತು. ಯಾಕೆಂದು ಹೇಳಿದರೆ ರಾಮಾಯಣ ಮಾಡುತ್ತೀರಿ ಎಂದದ್ದೂ ಕೇಳಿಸಿತು. ಮಾಡುತ್ತಿದ್ದ, ನಿಜ. ಗುಮಾಸ್ತನ ಕತ್ತುಪಟ್ಟಿ ಹಿಡಿಯುತ್ತಿದ್ದ. ಅದಕ್ಕೇ ಅವಳು ಹೇಳಿರಲಿಲ್ಲ. ಎದ್ದು ಗೋಡೆಯ ಕಡೆ ತಿರುಗಿ ನಿಂತುಕೊಂಡ. ಇನ್ಸ್‌ಪೆಕ್ಟರ್ ಎದ್ದುಹೋಗಿ ಹೊರಗಿನ ಬಾಗಿಲು ಹಾಕಿದಳು.

"ನನ್ನ ಮಗಳನ್ನ ದಿನಾ ಕೈಹಿಡಿದು ಸ್ಕೂಲಿಗೆ ಕರ್ಕೊಂಡು ಹೋದ" ಎಂದ ಅವನು. ಅದನ್ನೇ ಮತ್ತೆ ಎರಡು ಸಲ ಹೇಳಿದ. "ಮುಂದೆ ಏನಾಗುತ್ತೆ ಮೇಡಂ?"

"ಆರೋಪಿ ತೀರಿಹೋಗಿದ್ದಾನೆ ಅಂತ ಕೋರ್ಟಿಗೆ ಬರೀತೀವಿ. ಕೇಸು ಮುಗಿಯುತ್ತೆ." ಆಕೆ ಕಡತ ಮುಚ್ಚಿ ಹೇಳಿದಳು, "ನೋಡಿ, ನಾನು ಕೇಸು ಮುಗಿಸ್ತೀನಿ, ಅಷ್ಟೆ. ನಿಮಗೆ ವಾಪಸ್ ಕೊಡೋಕೆ ನನ್ನತ್ರ ಏನೂ ಇಲ್ಲ."

ಅತ್ತೆಗೆ ಹೇಳಲು ಇನ್ಸ್‌ಪೆಕ್ಟರ್ ತಾನೇ ಹೋದಳು. ಟೈಲರಿಂಗ್ ಅಂಗಡಿ ಹಾಗೇ ಇತ್ತು. ಕಣ್ಣು ಮಂಜಾಗಿ ಅತ್ತೆ ಈಗ ಹೊಲಿಯುತ್ತಿರಲಿಲ್ಲ, ಹೊಲಿಗೆ ಬಿಚ್ಚುವ ಕೆಲಸ ಮಾತ್ರ ಮಾಡುತ್ತಿದ್ದಳು. ಪೂರ್ತಿ ಕೇಳಿದಳು. ಕೈಯಲ್ಲಿದ್ದ ಬ್ಲೇಡನ್ನು ಮಿಷನ್ನಿನ ಮೇಲಿಟ್ಟಳು.

"ಬದುಕಿರೋನ್ನ ಹಿಡಿಯೋಕಾಗಲಿಲ್ಲ, ಸತ್ತೋನ ತಲೆಗೆ ಕಟ್ತಿದೀರಿ."

"ಅಮ್ಮ, ಪರೀಕ್ಷೆ ಸುಳ್ಳು ಹೇಳಲ್ಲ."

"ಹೆತ್ತೋಳಿಗೆ ಪರೀಕ್ಷೆ ಬೇಕಾ? ನಾನು ಉಪವಾಸ ಬಿದ್ದಾಗ ಬಾಯಿಗೆ ಗಂಜಿ ಹಾಕಿದೋನು ಆ ಅಣ್ಣ. ನನ್ನ ಮೊಮ್ಮಗಳನ್ನ ಓದಿಸಿದೋನು ಅವನು. ಅವನೇ ಅಂತ ನಾನು ಒಪ್ಕೊಂಡ್ರೆ, ಇಷ್ಟು ವರ್ಷ ನಾನು ಯಾರ ಕೈ ಅನ್ನ ತಿಂದೆ ಹೇಳಿ? ಮಗೂನ ಯಾರ ಕೈಗೆ ಕೊಟ್ಟೆ ಹೇಳಿ?"

ಇನ್ಸ್‌ಪೆಕ್ಟರ್ ಎದ್ದು ನಿಂತಳು.

"ಹೋಗಿ ತಾಯಿ. ನಂಗೆ ಗೊತ್ತಿರೋದೇ ನಂಗೆ ಸಾಕು."

ಮುಂದೆ ಬದುಕಿರುವವರೆಗೂ ಆಕೆ ಅಳಿಯನ ಹೆಸರು ಹಿಡಿದು ಶಾಪ ಹಾಕುವುದನ್ನು ಬಿಡಲಿಲ್ಲ. ಗೋಡೆಯ ಮೇಲಿನ ಎರಡು ಫೋಟೋಗಳಲ್ಲಿ ಯಾವುದನ್ನೂ ಇಳಿಸಲಿಲ್ಲ.

ಮೇಸ್ತ್ರಿಯ ಮಗಳು ಬೇರೆ ಥರ. ಅವಳು ದಂತವೈದ್ಯರೊಬ್ಬರ ಹತ್ತಿರ ಕೆಲಸಕ್ಕಿದ್ದಳು. ಅಜ್ಜಿಗೆ ತಿಳಿಸದೆ, ತಂದೆಯನ್ನು ನೋಡಬೇಕೆಂದು ಇನ್ಸ್‌ಪೆಕ್ಟರನ್ನು ಕೇಳಿದಳು. ಆ ಎರಡು ಕೋಣೆಯ ಕಚೇರಿಯಲ್ಲೇ ಭೇಟಿಯಾಯಿತು. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಉಗುರಿನ ಸಂದಿಯ ಗ್ರೀಸನ್ನು ಸೀಮೆಎಣ್ಣೆ ಹಾಕಿ ತಿಕ್ಕಿ ತೊಳೆದುಕೊಂಡು ಹೋಗಿದ್ದ. ಬಾಗಿಲಲ್ಲಿ ನಿಂತವಳನ್ನು ನೋಡಿ ಅವನು ಎದ್ದು ನಿಂತ. ನಿಲ್ಲುವ ಭಂಗಿ, ಒಂದು ಹುಬ್ಬು ಏರಿಸುವ ರೀತಿ, ಎಲ್ಲ ಅವಳ ಅಮ್ಮನದೇ.

ಇಬ್ಬರೂ ಕೂತರು.

"ಊಟ ಆಯ್ತಾ?" ಎಂದ ಅವನು.

"ಆಯ್ತು. ನಿಮ್ದು?"

"ಆಯ್ತು."

ಇಬ್ಬರದೂ ಆಗಿರಲಿಲ್ಲ.

"ನಿಮ್ಮನ್ನ ಏನಂತ ಕರೀಬೇಕೋ ನಂಗೆ ಗೊತ್ತಾಗ್ತಿಲ್ಲ" ಎಂದಳು ಅವಳು. "ಅಪ್ಪ ಅಂದ್ರೆ ಭಯ ಆಗುತ್ತೆ. ಚಿಕ್ಕೋಳಿದ್ದಾಗ ಹಟ ಮಾಡಿದ್ರೆ ನಿಮ್ಮಪ್ಪ ಬರ್ತಾನೆ ನೋಡು ಅಂತ ಹೆದರಿಸೋರು. ಈಗ ನಿಜ ಗೊತ್ತಾಗಿದೆ. ಆದ್ರೂ ಭಯ ಹೋಗ್ತಿಲ್ಲ."

"ಇರ್ಲಿ ಬಿಡಮ್ಮ."

"ಜ್ವರ ಬಂದಾಗ ಆ ಅಜ್ಜ ನನ್ನ ಹಣೆ ಒತ್ತೋರು. ಆ ಕೈ..." ಅವಳು ನಿಲ್ಲಿಸಿದಳು. "ನಂಗೆ ಚಿಕ್ಕಂದಿಂದು ಏನೂ ಉಳೀಲಿಲ್ಲ" ಎಂದಳು.

ಅವನಿಗೆ ಅವಳ ತಲೆ ಸವರಬೇಕೆನಿಸಿತು. ಆದರೆ ತಾನು ಕೈ ಎತ್ತಿದರೆ ಬೆಚ್ಚಿಬಿದ್ದಾಳು ಎಂದು ಹೆದರಿ, ಎರಡೂ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತ.

ಅವಳು ಅವನ ಕೋಣೆಗೆ ಎರಡು ಸಲ ಬಂದಳು. ಎರಡನೆಯ ಸಲ ಬಂದಾಗ ಒಂದು ಡಬ್ಬಿಯಲ್ಲಿ ತಿಂಡಿ ತಂದಿದ್ದಳು, ಡಬ್ಬಿ ವಾಪಸು ಒಯ್ಯುವುದನ್ನು ಮರೆತಳು. ಆಮೇಲೆ ಫೋನು. ಹೇಗಿದ್ದೀರಿ, ಚೆನ್ನಾಗಿದ್ದೀನಿ, ನೀನು ಹೇಗಿದ್ದೀಯ, ಚೆನ್ನಾಗಿದ್ದೀನಿ. ಆಡಲು ಬೇರೆ ಏನಿತ್ತು? ಒಟ್ಟಿಗೆ ಕಳೆದ ಒಂದು ದಿನದ ನೆನಪೂ ಇಬ್ಬರ ನಡುವೆ ಇರಲಿಲ್ಲ. ಫೋನು ವಾರದಿಂದ ತಿಂಗಳಿಗೆ ಹೋಯಿತು. ಆಮೇಲೆ ಅವಳಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಹೊರಟದ್ದು ಅವನಿಗೆ ತಿಳಿದದ್ದು ಹೋದಮೇಲೆ.

ಪತ್ರಿಕೆಯಲ್ಲಿ ಸುದ್ದಿ ಬಂತು. ಒಳಪುಟದ ಮೂಲೆಯಲ್ಲಿ, ಫೋಟೋ ಇಲ್ಲದೆ. ಮೇಸ್ತ್ರಿ ಅದನ್ನು ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡು, ತನ್ನನ್ನು ತೆಗೆದುಹಾಕಿದ್ದ ಲಿಫ್ಟ್ ಕಂಪನಿಗೆ ಹೋದ. ಅಲ್ಲಿದ್ದವರೆಲ್ಲ ಹೊಸಬರು. ಕೌಂಟರಿನಲ್ಲಿದ್ದವನು ಓದಿ, "ಒಳ್ಳೇದಾಯ್ತು ಯಜಮಾನ್ರೆ. ಈ ವಯಸ್ಸಲ್ಲಿ ಕೆಲಸ ಅಂದ್ರೆ ಕಷ್ಟ" ಎಂದು ಚೂರನ್ನು ವಾಪಸು ಕೊಟ್ಟ. ಹಳೆಯ ಬಡಾವಣೆಯಲ್ಲಿ ಕೆಲವರು ಅವನನ್ನು ಕಂಡು ತಲೆ ತಗ್ಗಿಸಿದರು. ಕೆಲವರು, "ಅದೆಲ್ಲ ಈಗ ದುಡ್ಡು ಕೊಟ್ರೆ ಬರಕೊಡ್ತಾರೆ" ಎಂದರು. ಆಡುವ ಬಾಯಿಗೆ ಬೀಗ ಹಾಕಲಾಗುವುದಿಲ್ಲ. ಹಳೆ ಕೇಸುಗಳ ವಿಭಾಗವನ್ನು ಸಿಬ್ಬಂದಿ ಕೊರತೆಯೆಂದು ಮುಚ್ಚಿದರು. ಇನ್ಸ್‌ಪೆಕ್ಟರಿಗೆ ದೂರದ ಠಾಣೆಗೆ ವರ್ಗವಾಯಿತು. ಆಕೆ ಆರಿಸಿ ಇಟ್ಟಿದ್ದ ಉಳಿದ ಪೆಟ್ಟಿಗೆಗಳು ಮತ್ತೆ ದಾಸ್ತಾನು ಕೋಣೆಗೆ ಹೋದವು.

ಔಷಧಿ ಅಂಗಡಿಯವನ ಗತಿ ಏನಾಯಿತೆಂದು ಮೇಸ್ತ್ರಿಗೆ ತಿಳಿದದ್ದು ಸ್ವಲ್ಪ ತಡವಾಗಿ. ಅವನ ಅಂಗಡಿಗೆ ಜನ ಹೋಗುತ್ತಿಲ್ಲ, ಗೋಡೆಯ ಮೇಲೆ ಯಾರೋ ಹೊಲಸು ಬರೆದಿದ್ದಾರೆ, ಅವನ ಮಗುವನ್ನು ಶಾಲೆಯಲ್ಲಿ ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ ಎಂದು ಗ್ಯಾರೇಜಿನವನು ಹೇಳಿದ. ಒಂದು ಮಧ್ಯಾಹ್ನ ಮೇಸ್ತ್ರಿ ಅಲ್ಲಿಗೆ ಹೋದ. ಅರ್ಧ ಷಟರು ಇಳಿಸಿತ್ತು. ಒಳಗೆ ಅವನು ಕಪಾಟಿನ ಔಷಧಿಗಳನ್ನು ರಟ್ಟಿನ ಡಬ್ಬಗಳಿಗೆ ತುಂಬುತ್ತಿದ್ದ. ಮೇಸ್ತ್ರಿಯನ್ನು ಕಂಡು ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದು ನಿಂತ.

"ಬಡೀಬೇಕು ಅಂತಿದ್ರೆ ಬಡೀರಿ" ಎಂದ.

"ಅದಕ್ಕೆ ಬಂದಿಲ್ಲಪ್ಪ. ನೀನು ಆ ಮಾದರಿ ಕೊಡದೇ ಇದ್ದಿದ್ರೆ ನನ್ನ ಹೆಸರು ಹಾಗೇ ಉಳೀತಿತ್ತು. ಒಳ್ಳೇದು ಮಾಡಿದೆ ಅಂತ ಹೇಳಿ ಹೋಗೋಣ ಅಂತ ಬಂದೆ."

"ಯಾರಿಗೆ ಒಳ್ಳೇದಾಯ್ತು ಹೇಳಿ. ಅಮ್ಮ ಮಾತು ಬಿಟ್ಟಿದ್ದಾಳೆ. ತಂಗಿ ಅಂತ ನೋಡ್ಕೊಂಡ ನಿಮ್ಮ ಮಗಳು ನನ್ನ ಫೋನು ಎತ್ತಲ್ಲ. ನಿಮಗೇನಾದ್ರೂ ಆಯ್ತಾ?"

ಮೇಸ್ತ್ರಿ ಯೋಚಿಸಿದ. ಹೌದು ಎಂದರೆ ಅವನಿಗಷ್ಟು ಸಮಾಧಾನವಾಗುತ್ತಿತ್ತು. ಬಾಯಿಂದ ಸುಳ್ಳು ಬರಲಿಲ್ಲ.

"ಎಲ್ಲಿಗೆ ಹೋಗ್ತೀಯ?"

"ನಮ್ಮನ್ನ ಯಾರೂ ಕಂಡಿರದ ಕಡೆ."

ಹೊರಗೆ ವ್ಯಾನು ಬಂದು ನಿಂತಿತು. ಡಬ್ಬಗಳನ್ನು ಹೊರಲು ಕೂಲಿಯವರು ಯಾರೂ ಇರಲಿಲ್ಲ. ಮೇಸ್ತ್ರಿ ಒಂದನ್ನು ಎತ್ತಿ, ಮಡಚದ ಬೆರಳಿಗೆ ಭಾರ ತಾಗದಂತೆ ಮುಂಗೈಯ ಮೇಲೆ ಆನಿಸಿಕೊಂಡು ಹೊರಗೆ ನಡೆದ. ಔಷಧಿ ಅಂಗಡಿಯವನು ಬೇಡ ಎನ್ನಲಿಲ್ಲ. ಇಬ್ಬರೂ ಒಳಗೂ ಹೊರಗೂ ಓಡಾಡಿದರು. ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರು ಲೋಟ ಹಿಡಿದು ನೋಡುತ್ತಿದ್ದರು.

"ನೋಡ್ದ್ಯಾ? ಇಬ್ಬರೂ ಒಂದಾಗಿದಾರೆ" ಎಂದ ಒಬ್ಬ, ಕೇಳಿಸುವಷ್ಟು ಗಟ್ಟಿಯಾಗಿ. "ಇದ್ರಲ್ಲಿ ಬೇರೆ ಏನೋ ಇದೆ."

ವ್ಯಾನು ಹೊರಟಿತು. ಮೇಸ್ತ್ರಿ ಅಂಗಿಯ ಧೂಳು ಕೊಡವಿಕೊಂಡ. ಸಂಜೆಯೊಳಗೆ ಒಂದು ಕಟ್ಟಡದಲ್ಲಿ ಲಿಫ್ಟಿನ ಗುಂಡಿ ಸ್ವಚ್ಛ ಮಾಡಬೇಕಿತ್ತು. ಹೋಟೆಲಿನ ಎದುರೇ ಹಾದು ಬಸ್ ನಿಲ್ದಾಣದ ಕಡೆ ನಡೆದ.